ಇಂಡಕ್ಷನ್ ಒಲೆಯ ಧ್ವನಿವಿಚಾರ

ಕಾರ್ಯದಿಂದ ಕಾರಣವನ್ನು ಊಹಿಸುವ ಅನುಮಾನಕ್ಕೆ ನೈಯಾಯಿಕರು ‘ಶೇಷವತ್’ ಎಂದು ಹೆಸರಿಟ್ಟಿರುವರು. ಹರಿಹರದಲ್ಲಿ ತುಂಗಭದ್ರೆಯು ಕೆಂಪಾಗಿ ಉಕ್ಕಿ ಬರುವುದನ್ನು ಕಂಡು ಮಲೆನಾಡಿನಲ್ಲಿ ಮಳೆಯಾಗಿದೆಯೆಂದು ತಿಳಿಯುವುದು ಇದಕ್ಕೆ ನಿದರ್ಶನ. ದಾವಣಗೆರೆ ಹರಿಹರಗಳ ಅಡುಗೆಮನೆಗಳಲ್ಲಿ ಕೇಳಿಬರುವ ಇಂಡಕ್ಷನ್ ಒಲೆಯ ಸದ್ದಿಗೂ ಇದೇ ನ್ಯಾಯವು ಸಲ್ಲುವುದು.

ಈ ಒಲೆಯಲ್ಲಿ ಜ್ವಾಲೆಯಿಲ್ಲ. ಗಾಜಿನ ಹಲಗೆಯ ಕೆಳಗಿರುವ ಸುರುಳಿಯಲ್ಲಿ ವಿದ್ಯುತ್ತು ಸೆಕೆಂಡಿಗೆ 20,000ಕ್ಕೂ ಮೇಲ್ಪಟ್ಟ ಆವರ್ತನಗಳಿಂದ ಹರಿಯಲು, ಅಯಸ್ಕಾಂತವು ಹಿಡಿಯುವಂತಹ ಪಾತ್ರೆಯ ತಳದಲ್ಲಿ ಸುಳಿಪ್ರವಾಹವು ಹುಟ್ಟಿ ಪಾತ್ರೆಯೇ ಕಾಯುವುದು. 1831ರಲ್ಲಿ ಫ್ಯಾರಡೆಯು ಕಂಡುಹಿಡಿದ ಪ್ರೇರಣತತ್ತ್ವವೇ ಇದಕ್ಕೆ ಮೂಲ. ಅಷ್ಟು ಶೀಘ್ರವಾದ ಕಂಪನವು ಮನುಷ್ಯರ ಕಿವಿಗೆ ಗೋಚರವಲ್ಲ. ಆದಕಾರಣ ಕೇಳುವ ಧ್ವನಿಗೆ ಕಾರಣವು ಬೇರೆಯಿರಬೇಕು.

ಆ ಧ್ವನಿಯು ಪ್ರಧಾನವಾಗಿ ಎರಡು ಬಗೆ. ‘ಜುಂಯ್’ ಎಂಬುದು ಪಾತ್ರೆಯದು. ತಳವು ತೆಳುವಾಗಿದ್ದರೆ ಅಥವಾ ಹಲವು ಪದರಗಳಿಂದಾಗಿದ್ದರೆ ಅದು ಅದಿರುವುದು. ಪಾತ್ರೆಯನ್ನು ಬದಲಿಸಿದರೆ ಇದು ಅಡಗುವುದು. ‘ಭೋರ್’ ಎಂಬುದು ಒಳಗಿನ ಫ್ಯಾನಿನದು. ಸುರುಳಿಯೂ ವಿದ್ಯುತ್ತನ್ನು ನಿಯಮಿಸುವ ಭಾಗಗಳೂ ಕಾಯುವುದರಿಂದ ಅವುಗಳನ್ನು ತಣಿಸಲು ಅದು ಹೊರಗಿನ ಗಾಳಿಯನ್ನು ಸೆಳೆಯುವುದು. ದಾವಣಗೆರೆಯ ಬೇಸಗೆಯಲ್ಲಿ ಆ ಗಾಳಿಯೇ ಬಿಸಿಯಾಗಿರಲು, ತಣಿಸುವ ಕೆಲಸವು ಕಷ್ಟವಾಗುವುದು.

ಸದ್ದನ್ನು ಅಡಗಿಸಲೆಂದು ಒಲೆಯ ಕೆಳಗೆ ಬಟ್ಟೆಯನ್ನು ಹಾಸುವುದು, ಅದನ್ನು ಗೋಡೆಗೆ ಒತ್ತಿಡುವುದು, ಅಡುಗೆ ಮುಗಿದೊಡನೆಯೇ ಪ್ಲಗ್ಗನ್ನು ಕೀಳುವುದು, ಇವು ಮೂರೂ ಗಾಳಿಯ ಹರಿವನ್ನು ತಡೆದು ಯಂತ್ರಕ್ಕೆ ಕೇಡನ್ನು ತರುವುವು. ಹಿಂದಿಲ್ಲದ ಕರಕರಧ್ವನಿಯು ತೋರಿದರೆ ಫ್ಯಾನಿನಲ್ಲಿ ಧೂಳು ಸೇರಿರುವುದನ್ನಾಗಲಿ ಅದರ ಅಚ್ಚು ಸವೆದಿರುವುದನ್ನಾಗಲಿ ಊಹಿಸಬಹುದು. ಕಾರಣವನ್ನರಿಯದೆ ಧ್ವನಿಯನ್ನು ಅಡಗಿಸುವುದು ಪರಿಹಾರವಲ್ಲ; ಗಾಳಿಯ ದಾರಿಯನ್ನು ಶುಚಿಯಾಗಿಡುವುದೇ ಪರಿಹಾರ.