ಬೆಂಕಿಗೊಂದು ಉಡುಪು, ನೀರಿಗೊಂದು ಉಡುಪು

2019ರ ಫೆಬ್ರುವರಿ 23ರಂದು, ಏರೋ ಇಂಡಿಯಾ ವೈಮಾನಿಕ ಪ್ರದರ್ಶನ ನಡೆಯುತ್ತಿದ್ದಾಗಲೇ ಬೆಂಗಳೂರಿನ ಯಲಹಂಕ ವಾಯುನೆಲೆಯ ವಾಹನ ನಿಲುಗಡೆ ಬಯಲಿನಲ್ಲಿ ಒಣಹುಲ್ಲಿನ ಬೆಂಕಿ ಗಾಳಿಗೆ ಹಬ್ಬಿ ಸುಮಾರು 300 ಕಾರುಗಳು ಸುಟ್ಟವು. 2021ರ ನವೆಂಬರಿನಲ್ಲಿ ಯಲಹಂಕ ಕೆರೆ ಉಕ್ಕಿ ಕೇಂದ್ರೀಯ ವಿಹಾರ ವಸತಿ ಸಮುಚ್ಚಯದ ನಿವಾಸಿಗಳನ್ನು ದೋಣಿಗಳಲ್ಲಿ ಹೊರತರಬೇಕಾಯಿತು. 2024ರ ಅಕ್ಟೋಬರಿನಲ್ಲೂ ಅಲ್ಲಿ ನೀರು ನುಗ್ಗಿತು. ಇದೇ ಪ್ರದೇಶವನ್ನು ಹಾಯ್ದು ಹೋಗುವ ಹೆಬ್ಬಾಳ–ವಿಮಾನ ನಿಲ್ದಾಣ ರಸ್ತೆಯಲ್ಲಿ ವಾಹನಗಳು ಹಗಲಿರುಳು ವೇಗವಾಗಿ ಓಡುತ್ತವೆ. ಬೆಂಕಿ, ನೀರು, ವೇಗ ಈ ಮೂರೂ ದೇಹದ ಮೇಲೆ ಎರಗುವ ಬಗೆ ಬೇರೆ ಬೇರೆ. ಹಾಗಾಗಿ ರಕ್ಷಣೆಗೆ ಧಾವಿಸುವವರ ಉಡುಪನ್ನು ಹುದ್ದೆ ನೋಡಿ ಕೊಡುವುದಕ್ಕಿಂತ ಎದುರಿಗಿರುವ ಅಪಾಯ ನೋಡಿ ಕೊಡುವುದೇ ಸರಿ. ಎಲ್ಲಕ್ಕೂ ಒಗ್ಗುವ ಒಂದೇ ಸಮವಸ್ತ್ರವನ್ನು ಭೌತವಿಜ್ಞಾನ ಒಪ್ಪುವುದಿಲ್ಲ.

ಮೊದಲು ಬೆಂಕಿ. ಹತ್ತಿ ಬಟ್ಟೆ ಹೊತ್ತಿಕೊಂಡು ಉರಿಯುತ್ತದೆ. ಪಾಲಿಯೆಸ್ಟರ್ ಸುಮಾರು 260 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ಚರ್ಮಕ್ಕೆ ಅಂಟುತ್ತದೆ. ಅರಾಮಿಡ್ ಎಂಬ ಕೃತಕ ನೂಲು ಮಾತ್ರ ಕರಗದೆ ಕರಕಲಾಗುತ್ತದೆ. ಜ್ವಾಲೆ ಸರಿದೊಡನೆ ಆರುತ್ತದೆ. ಉರಿಯುವ ಕಟ್ಟಡದೊಳಗೆ ನುಗ್ಗುವವರ ಕೋಟಿಗೆ ಮೂರು ಪದರಗಳಿರುತ್ತವೆ: ಹೊರಗೆ ಅರಾಮಿಡ್, ನಡುವೆ ನೀರು ತಡೆಯುವ ಪೊರೆ, ಒಳಗೆ ಗಾಳಿಯನ್ನು ಹಿಡಿದಿಡುವ ಮೆತ್ತೆ. ನಿಶ್ಚಲ ಗಾಳಿ ಶಾಖವನ್ನು ತೀರಾ ನಿಧಾನವಾಗಿ ಸಾಗಿಸುವುದರಿಂದ ಆ ಮೆತ್ತೆಯೇ ಮುಖ್ಯ ರಕ್ಷಕ. ಆದರೂ ಅದು ಗಳಿಸಿಕೊಡುವ ಸಮಯ ಬಹಳ ಕಡಿಮೆ. ಅಮೆರಿಕದ ಮಾನದಂಡದ ಪ್ರಕಾರ, ಕೋಣೆಯಿಡೀ ಭುಗಿಲೆದ್ದಂಥ ತೀವ್ರ ಶಾಖದಲ್ಲಿ ಆ ಪದರಗಳು ಎರಡನೇ ದರ್ಜೆಯ ಸುಟ್ಟಗಾಯವನ್ನು ಕನಿಷ್ಠ 17.5 ಸೆಕೆಂಡು ತಡೆದರೆ ಸಾಕು. ಅಷ್ಟರಲ್ಲಿ ಹೊರಬರಬೇಕು.

ಇದೇ ಕೋಟು ನೆರೆಯಲ್ಲಿ ಹೊರೆಯಾಗುತ್ತದೆ. ನೆನೆದು ಭಾರವಾಗಿ ಕೈಕಾಲು ಆಡಿಸಲು ಬಿಡುವುದಿಲ್ಲ. ಅಲ್ಲಿ ಬೇಕಾದದ್ದು ತಲೆಯನ್ನು ನೀರಿನ ಮೇಲಿಡುವ ಲೈಫ್ ಜಾಕೆಟ್, ಹಗುರ ಹೆಲ್ಮೆಟ್, ಕಾಲಿಗೆ ಗಟ್ಟಿ ಬೂಟು. ಚರಂಡಿ ನೀರು ಬೆರೆತ ನೆರೆಯಲ್ಲಿ ಕಣ್ಣಿಗೆ ಕಾಣದ ಶತ್ರುವೂ ಇದೆ: ಇಲಿಗಳ ಮೂತ್ರದಿಂದ ಬರುವ ಇಲಿಜ್ವರದ ಬ್ಯಾಕ್ಟೀರಿಯಾ ಕಾಲಿನ ಸಣ್ಣ ತರಚುಗಾಯದ ಮೂಲಕವೂ ದೇಹ ಸೇರಬಲ್ಲದು.

ಇನ್ನು ರಸ್ತೆ. ಗಂಟೆಗೆ 80 ಕಿಲೋಮೀಟರ್ ವೇಗದ ಕಾರು ಸೆಕೆಂಡಿಗೆ ಸುಮಾರು 22 ಮೀಟರ್ ಕ್ರಮಿಸುತ್ತದೆ. ಚಾಲಕನಿಗೆ ನೀವು ಒಂದು ಸೆಕೆಂಡು ಮೊದಲು ಕಂಡರೂ ಜೀವ ಉಳಿಯಬಹುದು. ಸಮವಸ್ತ್ರದ ಖಾಕಿಯೋ, ಮಣ್ಣಿನಲ್ಲಿ ಬೆರೆತು ಹೋಗಲೆಂದೇ ಸೈನಿಕರು ತೊಟ್ಟ ಬಣ್ಣ. ಇಲ್ಲಿ ಬೇಕಿರುವುದು ಅದರ ವಿರುದ್ಧ ಗುಣ. ಪ್ರತಿದೀಪಕ ಹಳದಿ-ಹಸಿರು ಬಟ್ಟೆ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳನ್ನು ಹೀರಿ ಕಾಣುವ ಬೆಳಕಾಗಿ ಹೊರಸೂಸುತ್ತದೆ. ಮುಸ್ಸಂಜೆಯಲ್ಲೂ ಅದು ಎದ್ದು ಕಾಣುವುದು ಅದರಿಂದಲೇ. ಕತ್ತಲಾದ ಮೇಲೆ ಆ ಗುಣ ಉಪಯೋಗಕ್ಕೆ ಬಾರದು. ಆಗ ಹೆಡ್‌ಲೈಟಿನ ಬೆಳಕನ್ನು ಬಂದ ದಿಕ್ಕಿಗೇ ಮರಳಿಸುವ ಸೂಕ್ಷ್ಮ ಗಾಜಿನ ಮಣಿಗಳ ಪಟ್ಟಿ ಬೇಕು. ಆ ಪಟ್ಟಿ ಎದೆಯ ಮೇಲಷ್ಟೇ ಇದ್ದರೆ ಸಾಲದು. ಕೀಲುಗಳ ಬಳಿ ಚಲಿಸುವ ಕೆಲವೇ ಬೆಳಕಿನ ಚುಕ್ಕಿಗಳಿಂದ ನಮ್ಮ ಮೆದುಳು ಮನುಷ್ಯನನ್ನು ಗುರುತಿಸುತ್ತದೆ ಎಂದು ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಯೋಹಾನ್ಸನ್ 1973ರಲ್ಲೇ ತೋರಿಸಿದ್ದರು. ಮಣಿಕಟ್ಟಿಗೆ, ಕಣಕಾಲಿಗೆ ಪಟ್ಟಿ ಇದ್ದರೆ ಚಾಲಕನಿಗೆ ಕಾಣುವುದು ಕಂಬವಲ್ಲ, ಮನುಷ್ಯ.

ನಮ್ಮ ಹವೆಗೆ ದಪ್ಪ ಕೋಟು ಸಲ್ಲದು ಎಂಬ ಆಕ್ಷೇಪದಲ್ಲಿ ಹುರುಳಿದೆ. ದುಡಿಯುವ ಸ್ನಾಯು ಬಳಸುವ ಶಕ್ತಿಯ ಬಹುಪಾಲು ಶಾಖವೇ ಆಗುತ್ತದೆ. ಬೆವರು ಆವಿಯಾಗದಿದ್ದರೆ ಆ ಶಾಖ ದೇಹದಲ್ಲೇ ಉಳಿದು ಬಳಲಿಸುತ್ತದೆ. ಆದರೆ ಇದು ನನ್ನ ವಾದವನ್ನೇ ಬಲಪಡಿಸುತ್ತದೆ. ಬಯಲಿನ ಹುಲ್ಲುಬೆಂಕಿಗೆ ಹಗುರವಾದ ಒಂಟಿ ಪದರದ ಉಡುಪು ಸಾಕು. ಮೂರು ಪದರದ ಕೋಟು ಕಟ್ಟಡದೊಳಗೆ ಹೋಗುವವರಿಗೆ, ಅದೂ ಸರದಿಯ ಮೇಲೆ ಬಿಡುವು ಕೊಟ್ಟು. ಖರ್ಚಿನ ಪ್ರಶ್ನೆಗೂ ಇದೇ ಉತ್ತರ. ಗೃಹರಕ್ಷಕರು ಮತ್ತು ಪೌರರಕ್ಷಣಾ ಸ್ವಯಂಸೇವಕರು ಜನರನ್ನು ಸರಿಸುತ್ತಾರೆ, ಸಂಚಾರ ತಡೆಯುತ್ತಾರೆ, ಗಾಯಾಳುಗಳನ್ನು ಹೊರುತ್ತಾರೆ. ತರಬೇತಿಯಿಲ್ಲದೆ ಅಗ್ನಿಶಾಮಕರ ಕೋಟು ಕೊಟ್ಟರೆ ಅದರ ಧೈರ್ಯದಲ್ಲೇ ಅವರು ಹೊಗೆಯೊಳಗೆ ನುಗ್ಗುವ ಅಪಾಯವಿದೆ. ಅವರಿಗೆ ಬೇಕಾದದ್ದು ಹೊಳೆಯುವ ಜಾಕೆಟ್, ಕೈಗವಸು, ಮುಚ್ಚಿದ ಬೂಟು. ನೀರಿದ್ದರೆ ಲೈಫ್ ಜಾಕೆಟ್. ಇವ್ಯಾವೂ ದುಬಾರಿಯಲ್ಲ. ಖಾಕಿಯ ಗೌರವ ಕವಾಯತಿನಲ್ಲಿ ಉಳಿಯಲಿ. ಯಲಹಂಕದ ಕೆರೆ ಮುಂದಿನ ಮಳೆಗೂ ಉಕ್ಕಬಹುದು. ಈ ಅಗ್ಗದ ಸಲಕರಣೆಗಳು ಅದಕ್ಕೆ ಮೊದಲೇ ಪ್ರತಿ ಸ್ವಯಂಸೇವಕನ, ಸ್ವಯಂಸೇವಕಿಯ ಕೈ ಸೇರಬೇಕು.