ಪ್ರಜೆ ಹೋಗಿ ನಾಗರಿಕರಾದೆವು

ಮಕ್ಕಳೇ, ಅರ್ಜಿ ತುಂಬುವಾಗ ‘ರಾಷ್ಟ್ರೀಯತೆ’ ಎಂದಿರುವ ಕಡೆ ‘ಭಾರತೀಯ’ ಎಂದು ಬರೆದು ಮುಂದೆ ಹೋಗುತ್ತೀರಿ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನಾನು ಅಂಥ ಅರ್ಜಿಗಳನ್ನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಸಿಂಧನೂರು, ಲಿಂಗಸುಗೂರು, ಮಸ್ಕಿಯ ಸೀಮೆಯಲ್ಲಿ ಆ ಒಂದು ಪದ ಸುಮ್ಮನೆ ಬಂದದ್ದಲ್ಲ.

1947ರ ಆಗಸ್ಟ್ 15ರಂದು ದೇಶಕ್ಕೆ ಸ್ವಾತಂತ್ರ್ಯ ಬಂತು. ನಮ್ಮ ರಾಯಚೂರು ಜಿಲ್ಲೆಗೆ ಬರಲಿಲ್ಲ. ಇದು ಹೈದರಾಬಾದ್ ನಿಜಾಮರ ಸೀಮೆ. ನಮ್ಮ ಹಿರಿಯರು ನಾಗರಿಕರಲ್ಲ, ನಿಜಾಮರ ಪ್ರಜೆಗಳು. ದುಡ್ಡೂ ಬೇರೆ: ಏಳು ಹಾಲಿ ರೂಪಾಯಿ ಕೊಟ್ಟರೆ ಆರು ಕಲ್ದಾರ್ ರೂಪಾಯಿ. ನಿಷ್ಠೆ ಎಂದರೆ ದೊರೆಗೆ ನಿಷ್ಠೆ. ಆ ದಿನ ಹೈದರಾಬಾದಿನಲ್ಲಿ ತ್ರಿವರ್ಣ ಧ್ವಜ ಹಾರಿಸಿದ ಸ್ವಾಮಿ ರಮಾನಂದ ತೀರ್ಥರು ಸೆರೆಯಾದರು. 1948ರ ಸೆಪ್ಟೆಂಬರ್ 17ರಂದು ನಿಜಾಮರು ಶರಣಾದರು. ನಿನ್ನೆ ರಾಜದ್ರೋಹವಾಗಿದ್ದದ್ದು ಇಂದು ದೇಶಭಕ್ತಿಯಾಯಿತು! 1950ರ ಜನವರಿ 26ರಂದು ಸಂವಿಧಾನ ಜಾರಿಗೆ ಬಂದಾಗ ನಮ್ಮವರು ಭಾರತದ ನಾಗರಿಕರಾದರು. ಊರು, ಹೊಲ, ಮನೆ ಎಲ್ಲ ಅಲ್ಲೇ ಇದ್ದವು.

ಊರನ್ನೇ ಬಿಟ್ಟು ಬಂದವರ ಕಥೆ ಬೇರೆ. ಸಿಂಧನೂರಿನ ಹತ್ತಿರ ಆರ್.ಎಚ್. ಕ್ಯಾಂಪುಗಳಿವೆ. ಪೂರ್ವ ಪಾಕಿಸ್ತಾನ, ಅಂದರೆ ಇಂದಿನ ಬಾಂಗ್ಲಾದೇಶದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಅಲ್ಲಿ ನೆಲೆ ಕೊಟ್ಟಿತು. ಅವರು ದುಡಿದರು, ಬೆಳೆದರು. ಮಕ್ಕಳು ಮನೆಯಲ್ಲಿ ಬಂಗಾಳಿ, ಶಾಲೆಯಲ್ಲಿ ಕನ್ನಡ ಕಲಿತರು. ಆದರೂ ಎಷ್ಟೋ ಜನರ ಕೈಗೆ ದಶಕಗಳ ಕಾಲ ಪೌರತ್ವದ ಕಾಗದ ಸಿಗಲಿಲ್ಲ. 2019ರಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ ಬಂತು. ಅದರಲ್ಲಿ ಧರ್ಮಗಳ ಹೆಸರು ಸೇರಿದ್ದಕ್ಕೆ ದೇಶದಲ್ಲಿ ದೊಡ್ಡ ವಾದವೂ ನಡೆಯಿತು. 2024ರಲ್ಲಿ ನಿಯಮಗಳು ಬಂದ ಮೇಲೆ ಕ್ಯಾಂಪಿನ ಕೆಲವರಿಗೆ ಪೌರತ್ವ ದೊರೆಯಿತು. ನಮಗೆ ಕೂತಲ್ಲೇ ದಕ್ಕಿದ್ದಕ್ಕೆ ಅವರು ಅರ್ಧ ಶತಮಾನ ಕಾದರು.

ಹಾಗಾದರೆ ಇಂದಿನ ನಿಷ್ಠೆ ಯಾರಿಗೆ? ದೊರೆಯಂತೂ ಇಲ್ಲ. ಸಂವಿಧಾನಕ್ಕೆ ನಿಷ್ಠೆ, ಜೊತೆಗೆ ಬಾಳುವವರಿಗೆ ನಿಷ್ಠೆ. 1976ರಲ್ಲಿ ಸಂವಿಧಾನಕ್ಕೆ ಸೇರಿದ 51ಎ ವಿಧಿ ಮೂಲಭೂತ ಕರ್ತವ್ಯಗಳನ್ನು ಹೇಳುತ್ತದೆ. ಸಹೋದರ ಭಾವ ಬೆಳೆಸುವುದು, ನಮ್ಮ ಪರಂಪರೆ ಕಾಪಾಡುವುದು ಅದರಲ್ಲಿವೆ. ಅದು ನಮ್ಮೂರಲ್ಲಿ ಹೇಗೆ? ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದವರು ತಮ್ಮ ಪಾಲಿಗಿಂತ ಹೆಚ್ಚು ನೀರು ಎತ್ತಿದರೆ ಕೊನೆಭಾಗದವರ ಗದ್ದೆ ಒಣಗುತ್ತದೆ. ಅವರ ಪಾಲನ್ನು ಅವರಿಗೆ ಬಿಡುವುದೂ ದೇಶಭಕ್ತಿಯೇ. ಮಸ್ಕಿಯ ಬಂಡೆಯ ಮೇಲೆ ಹೆಸರು ಗೀಚದಿರುವುದೂ ದೇಶಭಕ್ತಿಯೇ. 1915ರಲ್ಲಿ ಬೆಳಕಿಗೆ ಬಂದ ಆ ಶಾಸನದಲ್ಲಿ ಅಶೋಕನ ಹೆಸರೇ ಇದೆ. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಧರ್ಮದಿಂದ ನಡೆದರೆ ಮೇಲೇರಬಲ್ಲರು ಎಂಬುದು ಅದರ ತಿರುಳು. ಚಕ್ರವರ್ತಿ ತನ್ನ ಪ್ರಜೆಗಳಿಗೆ ಹೇಳಿದ ಮಾತು ಅದು. ಈಗ ಅದನ್ನು ನಾವು ಒಬ್ಬರಿಗೊಬ್ಬರು ಹೇಳಿಕೊಳ್ಳಬೇಕು.

ಈ ಭಾನುವಾರ ಅಜ್ಜ-ಅಜ್ಜಿಯರ ಬಳಿ ಕೂತು ಕೇಳಿ: ಮನೆಯಲ್ಲಿ ಹಾಲಿ ಸಿಕ್ಕಾ ನಾಣ್ಯ ಉಳಿದಿದೆಯೇ? ನಮ್ಮ ಮನೆತನದಲ್ಲಿ ಮೊದಲು ಓಟು ಹಾಕಿದವರು ಯಾರು? ಕ್ಯಾಂಪಿನ ಗೆಳೆಯರಿದ್ದರೆ ಅವರ ಅಜ್ಜಿಯನ್ನೂ ಕೇಳಿ. ಎರಡೂ ಕಥೆ ಒಂದೇ ನೋಟುಬುಕ್ಕಿನಲ್ಲಿ ಬರೆದಿಡಿ.