ವಿದ್ಯುತ್ ಸರಕುಗಾಡಿ: ಕೊಳ್ಳುವ ಮುನ್ನ ದಾರಿಯ ಲೆಕ್ಕ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಗಳಲ್ಲಿ ಹಿಂದೆ ಚಕ್ಕಡಿ ಮಾಡುತ್ತಿದ್ದ ಕೆಲಸವನ್ನು ಈಗ ಟಂಟಂಗಳೂ ನಾಲ್ಕು ಚಕ್ರದ ಸಣ್ಣ ಸರಕುಗಾಡಿಗಳೂ ಮಾಡುತ್ತಿವೆ. 2005ರಲ್ಲಿ ಟಾಟಾ ಸಂಸ್ಥೆಯ ಏಸ್ ಗಾಡಿ ಬಂದ ತರುವಾಯ, ಒಬ್ಬ ಮಗ ಹೊಲದಲ್ಲಿ, ಇನ್ನೊಬ್ಬ ಮಗ ಗಾಡಿಯ ಮೇಲೆ ಎಂಬುದು ಅಲ್ಪ ಭೂಮಿಯುಳ್ಳ ಅನೇಕ ಮನೆತನಗಳ ಬದುಕಿನ ವ್ಯವಸ್ಥೆಯಾಯಿತು. ಗಾಡಿಗಾಗಿ ಮಾಡಿದ ಸಾಲವು ಸಂಸಾರವನ್ನು ಎತ್ತಿ ನಿಲ್ಲಿಸಿದ್ದೂ ಉಂಟು, ಹೊಲವನ್ನು ಅಡವು ಇಡಿಸಿದ್ದೂ ಉಂಟು. ಈಗ ಅದೇ ಬಾಗಿಲಿಗೆ ಬ್ಯಾಟರಿಯ ಗಾಡಿ ಬಂದು ನಿಂತಿದೆ. ಡೀಸೆಲ್ ಬೇಡ, ಎಂಜಿನ್ ಎಣ್ಣೆ ಬದಲಿಸುವ ಗೋಜಿಲ್ಲ, ಹೊಗೆಯಿಲ್ಲ ಎಂದು ಮಾರುವವರು ಹೇಳುತ್ತಾರೆ. ಅದೆಲ್ಲ ನಿಜವೇ. ಆದರೆ ಬಾಗೇವಾಡಿಯ ಒಂದು ಮನೆಗೆ ಲಾಭ ತರುವ ಗಾಡಿಯೇ ಮುದ್ದೇಬಿಹಾಳದ ಇನ್ನೊಂದು ಮನೆಗೆ ಹೊರೆಯಾಗಬಲ್ಲದು. ಹೀಗೇಕೆಂಬುದನ್ನು ವಾಚಕರು ಸಾಲದ ಕಾಗದಕ್ಕೆ ಸಹಿ ಹಾಕುವ ಮುನ್ನ ವಿಚಾರಿಸುವುದು ಉಚಿತ.

ಮೊದಲು ಮೋಟಾರಿನ ಮಾತು. ಅಮೆರಿಕದಲ್ಲಿ ಪಿಕಪ್ ಗಾಡಿಯನ್ನು ಎರಡು, ಮೂರು, ನಾಲ್ಕು ಮೋಟಾರುಗಳೊಂದಿಗೆ ಮಾರುತ್ತಾರೆ. ರಿವಿಯನ್ ಎಂಬ ಸಂಸ್ಥೆ 2021ರಲ್ಲಿ ಚಕ್ರಕ್ಕೊಂದರಂತೆ ನಾಲ್ಕು ಮೋಟಾರುಗಳ ಗಾಡಿಯನ್ನು ಹೊರತಂದಿತು. ಟೆಸ್ಲಾ ಸಂಸ್ಥೆಯ ಸೈಬರ್‌ಟ್ರಕ್ಕಿಗೆ 2019ರಲ್ಲಿ ಸಾರಿದ ಆರಂಭದ ಬೆಲೆ 39,900 ಡಾಲರ್. 2023ರ ನವೆಂಬರಿನಲ್ಲಿ ಗಾಡಿ ಗ್ರಾಹಕರ ಕೈಸೇರುವಾಗ ಎರಡು ಮೋಟಾರಿನದಕ್ಕೆ 79,990, ಮೂರು ಮೋಟಾರಿನದಕ್ಕೆ 99,990 ಡಾಲರ್ ಆಗಿತ್ತು. ಇದರಲ್ಲೊಂದು ಸ್ವಾರಸ್ಯವಿದೆ. ಎರಡು ಮೋಟಾರಿನ ಗಾಡಿ ಒಮ್ಮೆ ಚಾರ್ಜ್ ಮಾಡಿದರೆ 340 ಮೈಲಿ ಓಡುವುದೆಂದೂ ಮೂರು ಮೋಟಾರಿನದು 320 ಮೈಲಿ ಮಾತ್ರ ಓಡುವುದೆಂದೂ ಆಗ ಸಂಸ್ಥೆಯೇ ಹೇಳಿತ್ತು. ಇಪ್ಪತ್ತು ಸಾವಿರ ಡಾಲರ್ ಹೆಚ್ಚು ತೆತ್ತವನಿಗೆ ವೇಗ ಹೆಚ್ಚಿತು, ದೂರ ಕುಗ್ಗಿತು! ಫೋರ್ಡ್ ಸಂಸ್ಥೆಯಂತೂ ತನ್ನ ಎರಡು ಮೋಟಾರಿನ ಬ್ಯಾಟರಿ ಪಿಕಪ್ಪಿನ ತಯಾರಿಕೆಯನ್ನು ಕೈಬಿಡುವುದಾಗಿ 2025ರ ಡಿಸೆಂಬರಿನಲ್ಲಿ ಪ್ರಕಟಿಸಿತು.

ನಮ್ಮ ಎರೆಭೂಮಿಯಲ್ಲಿ ಆಳಕ್ಕಿಳಿದ ಕರಕಿಯನ್ನು ಕೀಳಲು ಹಿರಿಯರು ದೊಡ್ಡ ನೇಗಿಲಿಗೆ ನಾಲ್ಕು ಜೋಡಿ ಎತ್ತು ಹೂಡುತ್ತಿದ್ದರು. ಸಂತೆಗೆ ಹೋಗುವ ಚಕ್ಕಡಿಗೆ ಯಾರೂ ನಾಲ್ಕು ಜೋಡಿ ಕಟ್ಟಲಿಲ್ಲ. ನಮ್ಮ ದೇಶದ ಸಣ್ಣ ಸರಕುಗಾಡಿಗಳನ್ನು ರೂಪಿಸಿದವರೂ ಇದೇ ಜಾಣತನ ತೋರಿದ್ದಾರೆ. ಅವುಗಳಲ್ಲಿರುವುದು ಒಂದೇ ಮೋಟಾರು, ಅದು ಹಿಂದಿನ ಚಕ್ರಗಳನ್ನು ತಿರುಗಿಸುತ್ತದೆ. 2022ರಲ್ಲಿ ಪ್ರಕಟವಾದ ಟಾಟಾ ಏಸ್ ವಿದ್ಯುತ್ ಗಾಡಿಯ ಮೋಟಾರು 27 ಕಿಲೋವ್ಯಾಟ್, ಎಂದರೆ 36 ಅಶ್ವಶಕ್ತಿ. 2024ರ ಅಕ್ಟೋಬರಿನಲ್ಲಿ ಬಂದ ಮಹೀಂದ್ರಾ ಜಿಯೋ ಗಾಡಿಯದು 30 ಕಿಲೋವ್ಯಾಟ್. 2025ರ ಜೂನ್ ತಿಂಗಳಿನಲ್ಲಿ ಬಂದ ಏಸ್ ಪ್ರೋ ಗಾಡಿಯದು 29. ಬೋರ್‌ವೆಲ್ಲಿಗೆ 5 ಅಥವಾ 7.5 ಅಶ್ವಶಕ್ತಿಯ ಮೋಟಾರು ಇಳಿಸಿ ಬಲ್ಲ ನಮ್ಮ ರೈತರಿಗೆ ಈ ಅಂಕಿಗಳ ತೂಕ ಬೇರೆ ವಿವರಿಸಬೇಕಾಗಿಲ್ಲ. ವಿದ್ಯುತ್ ಮೋಟಾರಿನ ಗುಣವೆಂದರೆ, ನಿಂತಲ್ಲಿಂದ ಹೊರಡುವ ಕ್ಷಣದಲ್ಲಿಯೇ ತನ್ನ ಪೂರ್ಣ ಎಳೆತವನ್ನು ಅದು ಕೊಡುತ್ತದೆ. ಕ್ಲಚ್ಚು ಒತ್ತಿ ಗೇರು ಬದಲಿಸುವ ಕೆಲಸವಿಲ್ಲ. ವೇಗ ತಗ್ಗಿಸುವಾಗ ಮೋಟಾರೇ ಡೈನಮೋ ಆಗಿ ಸ್ವಲ್ಪ ವಿದ್ಯುತ್ತನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ಆದುದರಿಂದ ಮೋಟಾರಿನ ವಿಷಯದಲ್ಲಿ ನಮ್ಮವರು ಚಿಂತಿಸಬೇಕಾದುದು ವಿಶೇಷವಿಲ್ಲ.

ಚಿಂತೆ ಇರುವುದು ಬ್ಯಾಟರಿಯಲ್ಲಿ. ಏಸ್ ಗಾಡಿಯ ಬ್ಯಾಟರಿ 21.3 ಯುನಿಟ್ ಹಿಡಿಯುತ್ತದೆ. ಪ್ರಮಾಣೀಕೃತ ದೂರ 154 ಕಿ.ಮೀ. ಏಸ್ ಪ್ರೋ ಬ್ಯಾಟರಿ ಕೇವಲ 14.4 ಯುನಿಟ್, ದೂರ 155 ಕಿ.ಮೀ. ಜಿಯೋ 160 ಕಿ.ಮೀ. ಓಡುವುದೆಂದು ಅದರ ಸಂಸ್ಥೆ ಹೇಳುತ್ತದೆ. ಪ್ರಮಾಣಪತ್ರದ ಅಂಕಿ ದೊರೆಯುವುದು ಗೊತ್ತುಪಡಿಸಿದ ಪರೀಕ್ಷೆಯಲ್ಲಿ. ನಮ್ಮ ರಸ್ತೆಯ ಸ್ಥಿತಿ, ಎದುರು ಗಾಳಿ, ಮೇಲಿನ ಹೇರು ಇವೆಲ್ಲ ಅದನ್ನು ಕುಗ್ಗಿಸುತ್ತವೆ. ಬ್ಯಾಟರಿಯನ್ನು ಪೂರ್ತಿ ಬರಿದು ಮಾಡುವಂತೆಯೂ ಇಲ್ಲ. ಬರೆದ ದೂರದ ಮೂರರಲ್ಲಿ ಎರಡು ಪಾಲನ್ನು, ಅಂದರೆ ಸುಮಾರು 100 ಕಿ.ಮೀ.ಯನ್ನು, ನಂಬಿ ನಡೆಯುವುದು ಕ್ಷೇಮವೆಂದು ನನ್ನ ಎಣಿಕೆ. ಏಸ್ ಪ್ರೋ ಗಾಡಿಯ ಹೇರು 750 ಕಿಲೋ ಎಂದು ನಿಗದಿಯಾಗಿದೆ. ಮುಕ್ಕಾಲು ಟನ್ನಿನ ಗಾಡಿಗೆ ಒಂದೂವರೆ ಟನ್ ಹೇರಿ ಮೇಲೆ ಇಬ್ಬರು ಹಮಾಲರನ್ನು ಕೂರಿಸುವುದು ನಮ್ಮಲ್ಲಿ ಕಾಣದ ದೃಶ್ಯವಲ್ಲ. ಎಂಜಿನ್ ಗಾಡಿ ಇದನ್ನು ಹೇಗೋ ಸಹಿಸಿಕೊಂಡಿತು. ಬ್ಯಾಟರಿಯ ಗಾಡಿ ಅರ್ಧ ದಾರಿಯಲ್ಲಿ ಉತ್ತರ ಹೇಳುತ್ತದೆ.

ಈ 100 ಕಿ.ಮೀ.ಯನ್ನು ಕೈಯಲ್ಲಿ ಹಿಡಿದು ನಾಲ್ಕು ಊರುಗಳನ್ನು ಅಳೆಯೋಣ. ವಿಜಯಪುರದಿಂದ ಬಸವನ ಬಾಗೇವಾಡಿ ಸುಮಾರು 43 ಕಿ.ಮೀ. ಹೋಗಿ ಬರಲು ತೊಂಬತ್ತರೊಳಗೆ ಮುಗಿಯಿತು. ಹಿಂದೆ ಇದೇ ತಾಲ್ಲೂಕಿಗೆ ಸೇರಿದ್ದ ಕೊಲ್ಹಾರದ ಗಡಿಗೆ ಮೊಸರಿನಂಥ ಸರಕಿಗೆ ಈ ಗಾಡಿ ಹೇಳಿ ಮಾಡಿಸಿದಂತಿದೆ. ದಿನವೂ ಅದೇ ದಾರಿ, ಅದೇ ಹೊತ್ತು, ಹಗುರ ಹೇರು, ಮರಳುವಾಗ ಬರಿದು ಗಡಿಗೆ. ಇಂಡಿ ಸುಮಾರು 55 ಕಿ.ಮೀ.; ಹೋಗಿ ಬರಲು 110. ಇದು ಅಂಚಿನ ಲೆಕ್ಕ. ಆದರೆ ಭೌಗೋಳಿಕ ಸೂಚಕ ಪಡೆದಿರುವ ಇಂಡಿಯ ನಿಂಬೆಯನ್ನು ಹಳ್ಳಿಯ ತೋಟಗಳಿಂದ ಇಂಡಿ ಪೇಟೆಗೆ ತರುವ ಗಾಡಿಗೆ ಇಪ್ಪತ್ತು ಮೂವತ್ತು ಕಿ.ಮೀ. ಸುತ್ತು ಸಾಕಾಗುವುದರಿಂದ ದಿನಕ್ಕೆ ಮೂರು ಬಾರಿ ಓಡಾಡಿದರೂ ತೊಂದರೆಯಿಲ್ಲ. ಸಿಂದಗಿ 60 ಕಿ.ಮೀ.; ವಿಜಯಪುರದಲ್ಲಿ ಸರಕು ಇಳಿಸುವ ಹೊತ್ತಿನಲ್ಲಿ ಒಂದೆರಡು ತಾಸು ಚಾರ್ಜ್ ಮಾಡಲು ಸ್ಥಳ ಗೊತ್ತುಮಾಡಿಕೊಂಡವರಿಗೆ ಮಾತ್ರ ಇದು ಸಾಧ್ಯ. ಮುದ್ದೇಬಿಹಾಳವೋ ಸುಮಾರು 80 ಕಿ.ಮೀ. ದೂರ. ಹೋಗಿ ಬರಲು 160 ಕಿ.ಮೀ. ಆಗುವುದರಿಂದ, ಅಲ್ಲಿಂದ ಜಿಲ್ಲಾ ಕೇಂದ್ರಕ್ಕೆ ನಿತ್ಯ ಬಾಡಿಗೆ ಹೊಡೆಯುವವನು ಸದ್ಯಕ್ಕೆ ಈ ಗಾಡಿಯ ಗೊಡವೆಗೆ ಹೋಗದಿರುವುದು ಲೇಸು.

ಇನ್ನು ಬೆಲೆ. ಏಸ್ ಪ್ರೋ ಗಾಡಿ ಬಿಡುಗಡೆಯಾದಾಗ ಪೆಟ್ರೋಲಿನದಕ್ಕೆ 3.99 ಲಕ್ಷ, ಬ್ಯಾಟರಿಯದಕ್ಕೆ 6.50 ಲಕ್ಷ ರೂಪಾಯಿ ಎಂದು ಸಾರಲಾಗಿತ್ತು. ಜಿಯೋ ಗಾಡಿಯ ಆರಂಭದ ಬೆಲೆ 7.52 ಲಕ್ಷ. ವಿದ್ಯುತ್ ವಾಹನಗಳಿಗೆ 2019ರ ಆಗಸ್ಟಿನಿಂದ ಜಿ.ಎಸ್.ಟಿ. ಶೇಕಡಾ 5 ಮಾತ್ರ. ಆದರೆ 2025ರ ಸೆಪ್ಟೆಂಬರ್ 22ರಿಂದ ಪೆಟ್ರೋಲ್, ಡೀಸೆಲ್ ಸರಕುಗಾಡಿಗಳ ತೆರಿಗೆಯೂ 28ರಿಂದ 18ಕ್ಕೆ ಇಳಿದುದರಿಂದ ಎರಡರ ನಡುವಿನ ಅಂತರ ಹಿಗ್ಗಿತು. ಕೇಂದ್ರದ ಪಿ.ಎಂ. ಇ-ಡ್ರೈವ್ ಯೋಜನೆಯ ಲಾರಿ ಸಹಾಯಧನ ಮೂರೂವರೆ ಟನ್ನಿಗಿಂತ ಹೆಚ್ಚು ಒಟ್ಟು ತೂಕದ ವಾಹನಗಳಿಗೆ ಸಂಬಂಧಿಸಿದ್ದು. ನಮ್ಮ ಈ ಸಣ್ಣ ಗಾಡಿ ಅದರ ಹೊರಗುಳಿಯಿತು. ಬಡವನ ಗಾಡಿಗೇ ಸಹಾಯವಿಲ್ಲವೆಂಬುದು ನನಗೆ ಸರಿಯೆನಿಸುವುದಿಲ್ಲ.

ಆರಂಭದ ಬೆಲೆಗಳನ್ನೇ ಹಿಡಿದರೂ ಅಂತರ 2.51 ಲಕ್ಷ. ಪೆಟ್ರೋಲ್ ಲೀಟರಿಗೆ 100 ರೂಪಾಯಿ, ಗಾಡಿ ಲೀಟರಿಗೆ 18 ಕಿ.ಮೀ. ಎಂದಿಟ್ಟುಕೊಂಡರೆ ಕಿ.ಮೀ.ಗೆ ಐದೂವರೆ ರೂಪಾಯಿ ಖರ್ಚು. ಬ್ಯಾಟರಿಯ ಗಾಡಿ 100 ಕಿ.ಮೀ.ಗೆ, ಚಾರ್ಜಿನಲ್ಲಿ ಸೋರುವುದೂ ಸೇರಿ, 16 ಯುನಿಟ್ ಕೇಳಿ, ಯುನಿಟ್ಟಿಗೆ 7 ರೂಪಾಯಿ ಬಿದ್ದರೆ ಕಿ.ಮೀ.ಗೆ ಒಂದು ರೂಪಾಯಿ ಹನ್ನೆರಡು ಪೈಸೆ. ಉಳಿತಾಯ ಸುಮಾರು 4 ರೂಪಾಯಿ 40 ಪೈಸೆ. ತಿಂಗಳಿಗೆ 2,000 ಕಿ.ಮೀ. ಓಡಿಸುವವನಿಗೆ 8,800 ರೂಪಾಯಿ ಉಳಿಯುತ್ತದೆ. ತೊಗರಿ, ಹತ್ತಿಯ ಸುಗ್ಗಿಯಲ್ಲಿ ಮಾತ್ರ ಬಾಡಿಗೆ ಕಂಡು, ವರ್ಷದ ಸರಾಸರಿಯಲ್ಲಿ ತಿಂಗಳಿಗೆ 600 ಕಿ.ಮೀ. ಓಡಿಸುವವನಿಗೆ ಉಳಿಯುವುದು 2,640 ರೂಪಾಯಿ. ಹೆಚ್ಚುವರಿ 2.51 ಲಕ್ಷಕ್ಕೆ ವರ್ಷಕ್ಕೆ ನೂರಕ್ಕೆ 12ರಂತೆ ಮೊದಲ ವರ್ಷದ ಬಡ್ಡಿಯೇ ತಿಂಗಳಿಗೆ ಸುಮಾರು 2,500 ರೂಪಾಯಿ ಆಗುತ್ತದೆ. ಇವನು ಉಳಿಸಿದ್ದೆಲ್ಲವೂ ಬಡ್ಡಿಗೆ ಜಮೆಯಾಯಿತು. ಅಸಲು ಹಾಗೆಯೇ ಕುಳಿತಿತು. ಕೊಳ್ಳಬೇಕೆಂದಿರುವವರು ಈಗಿರುವ ಗಾಡಿಯ ಕಿ.ಮೀ. ಅಂಕಿಯನ್ನು ಸುಗ್ಗಿಯ ಒಂದು ತಿಂಗಳು, ಬೇಸಿಗೆಯ ಒಂದು ತಿಂಗಳು ದಿನವೂ ಬರೆದಿಟ್ಟು ನೋಡಲಿ.

ಚಾರ್ಜ್ ಮಾಡುವ ವಿಷಯದಲ್ಲಿ ಮನೆಯ ಯಜಮಾನಿಯರ ಗಮನಕ್ಕೊಂದು ಮಾತು. ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯುನಿಟ್ ಮೀರಿದರೆ ಪೂರ್ಣ ಬಿಲ್ಲನ್ನು ಕಟ್ಟಬೇಕಾಗುತ್ತದೆ. 2,000 ಕಿ.ಮೀ. ಓಡುವ ಗಾಡಿಯೊಂದೇ 320 ಯುನಿಟ್ ಬೇಡುವುದರಿಂದ ಅದನ್ನು ಮನೆಯ ಮೀಟರಿಗೆ ಜೋಡಿಸಿದರೆ ದೀಪ, ಫ್ಯಾನುಗಳ ಉಚಿತವೂ ಹೋಯಿತು. ವಾಹನ ಚಾರ್ಜಿಂಗಿಗೆ ರಾಜ್ಯದಲ್ಲಿ ಪ್ರತ್ಯೇಕ ದರವರ್ಗವಿದೆ. ಹೆಸ್ಕಾಂ ಕಚೇರಿಯಲ್ಲಿ ಬೇರೆ ಮೀಟರಿಗೆ ಅರ್ಜಿ ಹಾಕುವುದೇ ನೇರವಾದ ದಾರಿ. ಪಂಪ್‌ಸೆಟ್ಟಿನ ಉಚಿತ ವಿದ್ಯುತ್ತು ನೀರಾವರಿಗೆ ಕೊಟ್ಟದ್ದು, ಬಾಡಿಗೆ ಗಾಡಿಗಲ್ಲ. ತೋಟದ ವಸ್ತಿಯಲ್ಲಿ ವಾಸಿಸುವವರಿಗೆ ಇನ್ನೊಂದು ತೊಡಕು: 15 ಆಂಪಿಯರ್ ಪ್ಲಗ್ಗಿನಲ್ಲಿ ದೊಡ್ಡ ಬ್ಯಾಟರಿ ತುಂಬಲು ಆರೇಳು ತಾಸು ಬೇಕು, ಪಂಪ್‌ಸೆಟ್ಟಿನ ಲೈನಿನಲ್ಲಿ ಅಷ್ಟು ಹೊತ್ತು ಒಂದೇ ಸಮನೆ ವಿದ್ಯುತ್ತು ಸಿಗುವುದು ದುರ್ಲಭ. ಕೂಡಗಿಯ 2,400 ಮೆಗಾವ್ಯಾಟ್ ಸ್ಥಾವರವೂ ಆಲಮಟ್ಟಿಯ 290 ಮೆಗಾವ್ಯಾಟ್ ಜಲವಿದ್ಯುತ್ ಕೇಂದ್ರವೂ ಇರುವ ಸೀಮೆಯಲ್ಲಿಯೇ ಈ ಮಾತನ್ನು ಬರೆಯಬೇಕಾಗಿದೆ. ಗಾಡಿಯನ್ನು ರಾತ್ರಿ ಊರೊಳಗಿನ ಮನೆಯ ಮುಂದೆ, ಸರಿಯಾದ ಅರ್ಥಿಂಗ್ ಹಾಕಿಸಿದ ಪ್ಲಗ್ಗಿಗೆ ಜೋಡಿಸುವುದು ಯೋಗ್ಯ.

ಬ್ಯಾಟರಿಯ ಆಯುಷ್ಯವನ್ನು ತಿನ್ನುವುದು ಮುಖ್ಯವಾಗಿ ಬಿಸಿ. ವಿಜಯಪುರ ಜಿಲ್ಲೆಯ ಬೇಸಿಗೆ 40 ಡಿಗ್ರಿ ದಾಟುವುದು ಹೊಸದೇನಲ್ಲ. ಮಧ್ಯಾಹ್ನ ಓಡಿಸಿ ತಂದ ಗಾಡಿಯನ್ನು ಆ ಕ್ಷಣವೇ ಚಾರ್ಜಿಗೆ ಹಾಕದೆ, ಬೇವಿನ ನೆರಳಲ್ಲಿ ತಾಸೊಪ್ಪತ್ತು ತಣಿಯಗೊಟ್ಟು ಆಮೇಲೆ ಹಾಕಬೇಕು. ಜಿಯೋ ಬ್ಯಾಟರಿಗೆ ಏಳು ವರ್ಷ ಅಥವಾ ಒಂದೂವರೆ ಲಕ್ಷ ಕಿ.ಮೀ. ವಾರಂಟಿ ಇದೆ, ಯಾವುದು ಮೊದಲು ತೀರುತ್ತದೋ ಅಲ್ಲಿಗೆ ಸಂಸ್ಥೆಯ ಹೊಣೆ ಮುಗಿಯಿತು. ತಿಂಗಳಿಗೆ 2,000 ಕಿ.ಮೀ. ಓಡಿಸುವವನಿಗೆ ಆರೇಕಾಲು ವರ್ಷದಲ್ಲಿಯೇ ಕಿ.ಮೀ. ಮೊದಲು ತೀರುತ್ತದೆ. ಸಾಲದ ಕಂತನ್ನು ಅದಕ್ಕಿಂತ ಕನಿಷ್ಠ ಒಂದು ವರ್ಷ ಮೊದಲೇ ಮುಗಿಯುವಂತೆ ಬ್ಯಾಂಕಿನವರೊಡನೆ ಗೊತ್ತುಮಾಡಿಕೊಳ್ಳಬೇಕು.